ಕೆಟ್ಟ ಸುದ್ದಿ ಹೇಳಿದವನಿಗೆ ಏನಾಗುತ್ತೆ?

ಕಂಪನಿಯ ಸಂಸ್ಕೃತಿ, ವರ್ಕ್ ಕಲ್ಚರ್ ಅಂತ ದೊಡ್ಡ ದೊಡ್ಡ ಮಾತು ಕೇಳ್ತಾ ಇರ್ತೀವಿ. ನನ್ನ ಲೆಕ್ಕ ಬಹಳ ಸರಳ. ಕೆಟ್ಟ ಸುದ್ದಿ ತಂದ ನೌಕರನನ್ನು ಬಾಸ್ ಕೂರಿಸಿ ಕೇಳ್ತಾನಾ, ಇಲ್ಲ ಬಾಗಿಲು ತೋರಿಸ್ತಾನಾ? ಕುರ್ಚಿಯಲ್ಲಿ ಕೂತವರು ಬದಲಾದಾಗ ಮೊದಲು ಅಲುಗಾಡುವುದು ಅದೇ. ಬೋಯಿಂಗ್ ಕಥೆಯನ್ನೇ ನೋಡಿ.

ಸಿಯಾಟಲ್‌ನ ಬೋಯಿಂಗ್ ಹೇಳಿಕೇಳಿ ಎಂಜಿನಿಯರುಗಳ ಕಂಪನಿ. 1997ರಲ್ಲಿ ಅದು ಸೊರಗಿದ್ದ ಪ್ರತಿಸ್ಪರ್ಧಿ ಮೆಕ್‌ಡೊನೆಲ್ ಡಗ್ಲಸ್ ಕಂಪನಿಯನ್ನು ಖರೀದಿಸಿತು. ದುಡ್ಡು ಕೊಟ್ಟವರು ಇವರು, ಚುಕ್ಕಾಣಿಗೆ ಕೈ ಹಾಕಿದವರು ಅವರು! ಬೋಯಿಂಗ್ ದುಡ್ಡಲ್ಲೇ ಬೋಯಿಂಗನ್ನು ಕೊಂಡುಕೊಂಡರು ಅನ್ನೋ ಜೋಕು ಹುಟ್ಟಿದ್ದು ಹಾಗೆ. ಅಲ್ಲಿಂದ ಬಂದ ಹ್ಯಾರಿ ಸ್ಟೋನ್‌ಸೈಫರ್ ಮೊದಲು ಅಧ್ಯಕ್ಷರಾದರು, 2003ರಲ್ಲಿ ಸಿಇಒ. ಮನುಷ್ಯ ಮುಚ್ಚುಮರೆ ಮಾಡಲಿಲ್ಲ. ಸಂಸ್ಕೃತಿ ಬದಲಿಸಿದ್ದು ಬೇಕಂತಲೇ, ಇದು ಎಂಜಿನಿಯರಿಂಗ್ ಸಂಸ್ಥೆಯ ಥರ ಅಲ್ಲ, ವ್ಯಾಪಾರದ ಥರ ನಡೀಬೇಕು ಅಂತ 2004ರಲ್ಲಿ ಪತ್ರಿಕೆಗೇ ಹೇಳಿದರು.

ಅಷ್ಟರಲ್ಲಿ ಎಂಜಿನಿಯರುಗಳು 2000ದಲ್ಲಿ 40 ದಿನ ಮುಷ್ಕರ ಹೂಡಿ ಆಗಿತ್ತು. ಮರುವರ್ಷ ಕೇಂದ್ರ ಕಚೇರಿ ಷಿಕಾಗೋಗೆ ಹೊರಟುಹೋಯಿತು, ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಹೊಲ ಒಂದೂರಲ್ಲಿ, ಯಜಮಾನ ಇನ್ನೊಂದೂರಲ್ಲಿ! 2013ರ ನಂತರದ ಆರೇಳು ವರ್ಷಗಳಲ್ಲಿ ತನ್ನದೇ ಷೇರು ಮರಳಿ ಕೊಳ್ಳಲು ಕಂಪನಿ ಸುರಿದದ್ದು 4,000 ಕೋಟಿ ಡಾಲರಿಗೂ ಹೆಚ್ಚು.

ಈಗ ಎಡ್ ಪಿಯರ್ಸನ್ ಅವರ ವಿಷಯಕ್ಕೆ ಬರ್ತೀನಿ. ನೌಕಾಪಡೆಯಿಂದ ಬಂದವರು, ರೆಂಟನ್‌ನ 737 ಕಾರ್ಖಾನೆಯಲ್ಲಿ ಹಿರಿಯ ಮ್ಯಾನೇಜರ್. 2018ರ ಜೂನ್‌ನಲ್ಲಿ ಮೇಲಧಿಕಾರಿಗೆ ಇಮೇಲ್ ಬರೆದರು. ಕೆಲಸಗಾರರು ದಣಿದಿದ್ದಾರೆ, ನನ್ನ ಕುಟುಂಬವನ್ನು ಬೋಯಿಂಗ್ ವಿಮಾನ ಹತ್ತಿಸೋಕೆ ನನಗೇ ಹಿಂಜರಿಕೆ ಆಗ್ತಿದೆ, ಉತ್ಪಾದನೆ ನಿಲ್ಲಿಸಿ ಅಂದರು. ಆಮೇಲೆ ಎದುರಿಗೇ ಕೂತು, ಸೇನೆಯಲ್ಲಾದರೆ ಇದಕ್ಕಿಂತ ಸಣ್ಣ ಕಾರಣಕ್ಕೂ ಕೆಲಸ ನಿಲ್ಲಿಸ್ತಿದ್ದೆವು ಅಂತ ವಾದಿಸಿದರು. ಸೇನೆ ಲಾಭಕ್ಕೆ ನಡೆಯೋ ಸಂಸ್ಥೆ ಅಲ್ಲವಲ್ಲ ಅನ್ನೋದು ಸಿಕ್ಕ ಉತ್ತರ. ಇದನ್ನು ಅವರೇ 2019ರ ಡಿಸೆಂಬರ್‌ನಲ್ಲಿ ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಹೇಳಿದ್ದಾರೆ. ಲೈನ್ ನಿಲ್ಲಲಿಲ್ಲ.

2018ರ ಅಕ್ಟೋಬರ್ 29ರಂದು ಲಯನ್ ಏರ್‌ನ 737 ಮ್ಯಾಕ್ಸ್ ಜಾವಾ ಸಮುದ್ರಕ್ಕೆ ಬಿತ್ತು. ಮುಂದಿನ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ. ಒಟ್ಟು 346 ಜೀವ. ತನಿಖೆಗಳು ಮುಖ್ಯವಾಗಿ ಬೊಟ್ಟು ಮಾಡಿದ್ದು ಎಂಕ್ಯಾಸ್ ಎಂಬ ಸಾಫ್ಟ್‌ವೇರಿನತ್ತ. ಒಂದೇ ಒಂದು ಸೆನ್ಸರ್ ನಂಬಿ ವಿಮಾನದ ಮೂತಿಯನ್ನು ಕೆಳಕ್ಕೆ ದೂಡುತ್ತಿದ್ದ ವ್ಯವಸ್ಥೆ ಅದು. ಲಯನ್ ಏರ್ ಬೀಳುವವರೆಗೆ ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. ಕಾರ್ಖಾನೆಯ ಕಥೆ ಬೇರೆ, ಸಾಫ್ಟ್‌ವೇರಿನ ಕಥೆ ಬೇರೆ ಅಂತ ಯಾರಾದರೂ ವಾದಿಸಬಹುದು. ನನಗೆ ಎರಡರಲ್ಲೂ ಕಾಣೋದು ಒಂದೇ ಆತುರ.

2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಬಾಗಿಲ ಜಾಗದ ಫಲಕ ಆಕಾಶದಲ್ಲೇ ಕಿತ್ತುಹೋಯಿತು. ನಾಲ್ಕು ಬೋಲ್ಟುಗಳನ್ನು ಹಾಕಿರಲೇ ಇಲ್ಲ. ಸರಿಯಾಗಿ ಎರಡು ವಾರಕ್ಕೆ ನಮ್ಮ ದೇವನಹಳ್ಳಿಯಲ್ಲಿ 1,600 ಕೋಟಿ ರೂಪಾಯಿಯ ಬೋಯಿಂಗ್ ಕ್ಯಾಂಪಸ್ಸನ್ನು ಪ್ರಧಾನಿ ಉದ್ಘಾಟಿಸಿದರು. ಸಂತೋಷ. ಆದರೆ ಅಲ್ಲಿಗೆ ಕೆಲಸಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರನ್ನು ನಾನು ಕೇಳೋದಿಷ್ಟು: ಮೀಟಿಂಗಲ್ಲಿ "ಇದು ಸರಿಯಿಲ್ಲ ಸಾರ್" ಅಂದವರಿಗೆ ಏನಾಗುತ್ತೆ?

2024ರ ಆಗಸ್ಟ್‌ನಲ್ಲಿ ಸಿಇಒ ಆದ ಕೆಲ್ಲಿ ಆರ್ಟ್‌ಬರ್ಗ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಕಾರ್ಖಾನೆಗಳ ಹತ್ತಿರ ಇರಬೇಕು ಅಂತ ಸಿಯಾಟಲ್‌ನಲ್ಲೇ ಮನೆ ಮಾಡಿದರು. 2022ರಲ್ಲಿ ಷಿಕಾಗೋ ಬಿಟ್ಟ ಕೇಂದ್ರ ಕಚೇರಿ ಆಗ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ, ವಾಷಿಂಗ್ಟನ್ ಡಿ.ಸಿ. ಪಕ್ಕದ ಆರ್ಲಿಂಗ್ಟನ್‌ನಲ್ಲಿ.