ನಿರುದ್ಯೋಗದ ಲೆಕ್ಕ: ದೇಶ, ದೆಹಲಿ ಮತ್ತು ನಮ್ಮ ಹೋಟೆಲ್



ನಾಲ್ಕು ಜನ ಹೋಟೆಲಿನವರು ಸೇರಿದಲ್ಲಿ ಮಾತು ಒಂದೇ. "ದೇಶದ ತುಂಬ ನಿರುದ್ಯೋಗ ಅನ್ನುತ್ತಾರೆ, ನಮಗೆ ಮಾತ್ರ ದೋಸೆ ಹಾಕಲು ಜನ ಸಿಗುವುದಿಲ್ಲ." ನಾವು ಅರ್ಥಶಾಸ್ತ್ರ ಓದಿದವರಲ್ಲ. ಆದರೂ ದಿನಾ ಗಲ್ಲೆಯ ಲೆಕ್ಕ ನೋಡುವವರಿಗೆ ಈ ಲೆಕ್ಕವೂ ಅರ್ಥವಾಗದ್ದೇನಲ್ಲ.

ಕೇಂದ್ರ ಸರಕಾರ 2017ರಿಂದ ಪಿ.ಎಲ್.ಎಫ್.ಎಸ್. ಎಂಬ ಸಮೀಕ್ಷೆ ನಡೆಸುತ್ತಿದೆ. ಅದರ ಪ್ರಕಾರ 15 ವರ್ಷ ತುಂಬಿದವರಲ್ಲಿ ದೇಶದ ನಿರುದ್ಯೋಗ 2017-18ರಲ್ಲಿ ನೂರಕ್ಕೆ 6 ಇತ್ತು, 2023-24ರಲ್ಲಿ 3.2ಕ್ಕೆ ಇಳಿಯಿತು. ಆ ವರ್ಷ ಪಟ್ಟಣಗಳದ್ದು 5.1, ಹಳ್ಳಿಗಳದ್ದು 2.5. ಮುಂಬಯಿಯ ಸ್ಥಿತಿ ಮಹಾರಾಷ್ಟ್ರದ ಅಂಕಿಯೊಳಗೆ ಸೇರಿಹೋಗುತ್ತದೆ. ದೆಹಲಿ ಹಾಗಲ್ಲ, ಊರೂ ಅದೇ, ರಾಜ್ಯದಂತೆ ಲೆಕ್ಕವೂ ಅದಕ್ಕೇ. 2017-18ರಲ್ಲಿ 9ರ ಮೇಲಿದ್ದ ದೆಹಲಿಯ ನಿರುದ್ಯೋಗ 2023-24ರಲ್ಲಿ 2.1. ಅಂದರೆ ಮೊದಲು ದೇಶಕ್ಕಿಂತ ಹೆಚ್ಚು, ಆಮೇಲೆ ದೇಶಕ್ಕಿಂತ ಕಡಿಮೆ.

ಹಾಗಾದರೆ ದೆಹಲಿಯಲ್ಲಿ ಎಲ್ಲರಿಗೂ ಒಳ್ಳೆಯ ಕೆಲಸ ಸಿಕ್ಕಿತೇ? ಇಲ್ಲಿ ಮೂರು ವಿಷಯ ಗಮನಿಸಬೇಕು.

ಒಂದು, ಕೆಲಸ ಇಲ್ಲದವರೆಲ್ಲ ನಿರುದ್ಯೋಗಿಗಳಲ್ಲ. ಕೆಲಸ ಹುಡುಕುವವರು, ಸಿಕ್ಕರೆ ಮಾಡಲು ತಯಾರಿರುವವರು ಮಾತ್ರ ಲೆಕ್ಕಕ್ಕೆ. ದೆಹಲಿಯಲ್ಲಿ ಕೆಲಸಕ್ಕೆ ಬರುವ ಹೆಂಗಸರ ಪ್ರಮಾಣ ದೇಶದಲ್ಲೇ ಬಹಳ ಕಡಿಮೆ. ಮನೆಯಲ್ಲಿದ್ದು ಹುಡುಕದವರು ಈ ಲೆಕ್ಕದಲ್ಲಿಲ್ಲ.

ಎರಡು, ಬಡವನಿಗೆ ಸುಮ್ಮನೆ ಕೂರುವ ಅನುಕೂಲ ಇಲ್ಲ. ಬಿಹಾರದಿಂದ ಬಂದ ಹುಡುಗ ಒಂದು ತಿಂಗಳು ದುಡಿಯದಿದ್ದರೆ ಕೋಣೆ ಬಾಡಿಗೆ ಕಟ್ಟಲಾರ. ಒಂದೋ ಸಿಕ್ಕ ಕೆಲಸ ಹಿಡಿಯುತ್ತಾನೆ, ಇಲ್ಲವೇ ಊರಿನ ರೈಲು ಹತ್ತುತ್ತಾನೆ. ಹೋದ ಮೇಲೆ ಅವನು ದೆಹಲಿಯ ಲೆಕ್ಕದಲ್ಲಿಲ್ಲ. ಊರಲ್ಲಿ ಅಪ್ಪನ ಗದ್ದೆಗೆ ಇಳಿದರೆ ಅಲ್ಲಿ ಅವನು ಉದ್ಯೋಗಸ್ಥ. ಮನೆಯವರ ಆಸರೆ ಇದ್ದು ತಕ್ಕ ಕೆಲಸಕ್ಕೆ ಕಾಯಬಲ್ಲವನು ನಿರುದ್ಯೋಗಿಯಾಗಿ ಉಳಿಯುತ್ತಾನೆ. 2023-24ರಲ್ಲಿ ಕೇರಳದ್ದು 7.2, ಗೋವಾದ್ದು 8.5 ಇದ್ದುದಕ್ಕೆ ಇದೂ ಒಂದು ಕಾರಣ. ಆ ವರ್ಷ ದೇಶದಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ 10.2 ಇತ್ತು.

ಮೂರು, ಅಳತೆಯೇ ಎರಡು ಬಗೆ. ವರ್ಷದ ಲೆಕ್ಕ ಹಿಂದಿನ 365 ದಿನ ನೋಡುತ್ತದೆ. ವಾರದ ಲೆಕ್ಕ 7 ದಿನ ನೋಡುತ್ತದೆ, ಅದರಲ್ಲಿ ಒಂದು ಗಂಟೆ ದುಡಿದರೂ ಉದ್ಯೋಗಸ್ಥ. 2020ರ ಏಪ್ರಿಲ್-ಜೂನ್‌ನಲ್ಲಿ, ಲಾಕ್‌ಡೌನ್‌ ಸಮಯದಲ್ಲಿ, ಪಟ್ಟಣಗಳ ವಾರದ ಲೆಕ್ಕ 20.8ಕ್ಕೆ ಏರಿತ್ತು. ಅದೇ 2019-20ರ ವರ್ಷದ ಲೆಕ್ಕ 4.8, ಹಿಂದಿನ ವರ್ಷದ 5.8ಕ್ಕಿಂತ ಕಡಿಮೆ! ನಾವೆಲ್ಲ ಶಟರ್ ಎಳೆದು ಕೂತ ವರ್ಷ ಅದು. ನಮ್ಮಲ್ಲಿದ್ದ 11 ಹುಡುಗರಲ್ಲಿ ತಿರುಗಿ ಬಂದವರು ನಾಲ್ವರು. ಆ ನೋವು ವರ್ಷದ ಅಂಕಿಯಲ್ಲಿ ಕಾಣಲಿಲ್ಲ.

2025ರಿಂದ ಪ್ರತಿ ತಿಂಗಳೂ ಅಂಕಿ ಬರುತ್ತಿದೆ. ಅದು ವಾರದ ಲೆಕ್ಕ. 2025ರ ಏಪ್ರಿಲ್‌ನ 5.1ನ್ನು ವರ್ಷದ 3.2ರ ಜೊತೆ ಇಟ್ಟು "ನಿರುದ್ಯೋಗ ಏರಿತು" ಎನ್ನುವುದು ಕಿಲೋವನ್ನು ಲೀಟರಿಗೆ ಹೋಲಿಸಿದಂತೆ.

ನಮ್ಮ ಹೋಟೆಲಿನ ಕೋಣೆಯಲ್ಲಿ ಮಲಗುವ ಒಬ್ಬೊಬ್ಬ ಹುಡುಗನನ್ನೂ ಸಮೀಕ್ಷೆಯವರು ಒಂದೊಂದು ಕುಟುಂಬವೆಂದೇ ಬರೆದುಕೊಳ್ಳುತ್ತಾರೆ. ಅವರು ಬಂದಾಗ ಹೆದರಿ ಹುಡುಗರನ್ನು ಅಡಗಿಸಬಾರದು. ನಾವು ಮುಚ್ಚಿಟ್ಟರೆ ನಮ್ಮ ಉದ್ಯಮವೇ ಲೆಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ.

"ಹೊರಗೆ ಬೇಕಾದಷ್ಟು ಜನ ಇದ್ದಾರೆ, ಇವನು ಹೋದರೆ ಇನ್ನೊಬ್ಬ" ಎಂದು ನಂಬಿ ಸಂಬಳ ಏರಿಸದೆ ನಾವು ಎರಡು ಅಡುಗೆಯವರನ್ನು ಕಳೆದುಕೊಂಡೆವು. ನಿರುದ್ಯೋಗಿ ಇದ್ದಾನೆ ನಿಜ, ಆದರೆ ನಮ್ಮ ಹದಿನಾಲ್ಕು ಗಂಟೆಯ ಕೆಲಸಕ್ಕೆ ಅವನು ಕಾಯುತ್ತಿಲ್ಲ. ಆದ್ದರಿಂದ ನಾವೀಗ ಒಂದು ಪುಸ್ತಕ ಇಟ್ಟಿದ್ದೇವೆ. ತಿಂಗಳಲ್ಲಿ ಕೆಲಸ ಕೇಳಿ ಬಂದವರೆಷ್ಟು, ಬಿಟ್ಟು ಹೋದವರೆಷ್ಟು, ಯಾಕೆ ಹೋದರು ಎಂದು ಬರೆಯುತ್ತೇವೆ. ಪ್ರತಿ ಸದಸ್ಯರೂ ಹೀಗೆ ಬರೆದು ಸಂಘದ ಸಭೆಗೆ ತಂದರೆ, ದೆಹಲಿಯ 2.1ಕ್ಕಿಂತ ನಮಗೆ ಉಪಯೋಗವಾಗುವ ಅಂಕಿ ನಮ್ಮ ಕೈಯಲ್ಲೇ ಇರುತ್ತದೆ.