ಬಿಸಿಲಿದ್ದರೆ ಸಾಲದು, ಲೈನೂ ಇರಬೇಕು

ಮಟಮಟ ಮಧ್ಯಾಹ್ನ. ನೆತ್ತಿ ಸುಡುವ ಬಿಸಿಲು. ಹೋಬಳಿ ಕೇಂದ್ರದ ಸಣ್ಣ ಕಾರ್ಖಾನೆಯ ಚಾವಣಿ ತುಂಬ ಸೌರ ಫಲಕಗಳಿವೆ. ಆದರೂ ಕರೆಂಟು ಹೋದ ಕ್ಷಣ ಕೆಳಗಿನ ಯಂತ್ರಗಳೆಲ್ಲ ಸ್ತಬ್ಧ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೌರ ಘಟಕದ ಗುಣವೇ ಇದು. ಕಂಬ ಹತ್ತಿದ ಲೈನ್‌ಮನ್‌ಗೆ ಚಾವಣಿಯ ವಿದ್ಯುತ್ ತಗಲಬಾರದೆಂದು, ಲೈನು ಸತ್ತೊಡನೆ ಇನ್ವರ್ಟರ್ ತಾನೂ ಕಣ್ಣು ಮುಚ್ಚುತ್ತದೆ. ಮಾಲೀಕರು ಡೀಸೆಲ್ ಜನರೇಟರ್ ಚಾಲೂ ಮಾಡಿಸುತ್ತಾರೆ. ಹಸಿರಿನ ಕೆಳಗೆ ಕಪ್ಪು ಹೊಗೆ!

ಲೆಕ್ಕ ಸರಳ. ನೂರು ಕಿಲೋವಾಟ್ ಘಟಕ ದಿನಕ್ಕೆ ಹೆಚ್ಚುಕಡಿಮೆ 400 ಯೂನಿಟ್ ಕೊಡುತ್ತದೆ ಎನ್ನೋಣ. ನಡುಹಗಲಿನ ಎರಡು ಗಂಟೆ ಲೈನು ಇಲ್ಲವಾದರೆ ಆ ದಿನದ ಫಸಲಿನಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಹೋಯಿತು. ದಿನವೂ ಹೀಗಾದರೆ ಐದು ವರ್ಷಕ್ಕೆ ತೀರಬೇಕಿದ್ದ ಸಾಲ ಏಳಕ್ಕೆ ಎಳೆಯುತ್ತದೆ. ಲೈನು ಕೈಕೊಡದ ಊರಿನಲ್ಲಿ ಅದೇ ಫಲಕ, ಅದೇ ಬಡ್ಡಿ, ಬೇರೆಯೇ ವ್ಯಾಪಾರ. ಕಂಪನಿಗಳು ಹಸಿರು ತಂತ್ರಜ್ಞಾನಕ್ಕೆ ಕೈ ಹಾಕುವುದು ಪರಿಸರ ಪ್ರೀತಿಯೊಂದರಿಂದಲೇ ಎಂದು ನಾನು ನಂಬುವುದಿಲ್ಲ. ಊರು ಎಂಥದು ಎಂದು ನೋಡಿಯೇ ಹಾಕುತ್ತವೆ.

ಊರು ಎಂಥದು ಎಂಬುದಕ್ಕೆ ಅಳತೆಯೂ ಇದೆ. ಕರ್ನಾಟಕದ ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನಿಟ್ಟು ಅಳೆದಾಗ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ತುಮಕೂರು ಜಿಲ್ಲೆಯ ಪಾವಗಡವೂ ಆ ಪಟ್ಟಿಯಲ್ಲಿತ್ತು. ಈಗ ಅದೇ ಪಾವಗಡದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಸರ್ಕಾರ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಲೆಕಾಯಿ ಒಣಗುತ್ತಿದ್ದ ನೆಲದಲ್ಲಿ ಇದು ಬರಗಾಲಕ್ಕೂ ಜಗ್ಗದ ಬೆಳೆ. ಪಹಣಿ ಇದ್ದವರಿಗೆ ಮಾತ್ರ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರ ಪಾಲಿಗೆ ಉಳಿದದ್ದು ಫಲಕ ತೊಳೆಯುವ, ಕಾವಲು ಕಾಯುವ ಕೆಲಸ. ಅದೂ ಎಲ್ಲರಿಗೂ ಸಿಗಲಿಲ್ಲ. ವಿದ್ಯುತ್ತು ದೊಡ್ಡ ತಂತಿಗಳನ್ನೇರಿ ಹೊರಟುಹೋಗುತ್ತದೆ. ಬಂಡವಾಳ ಬಂತು, ನಿಜ. ಅದು ಬಂದದ್ದು ಬಿಸಿಲಿಗೆ, ಊರಿಗಲ್ಲ.

ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳದು ಇನ್ನೊಂದು ಕಥೆ. ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಗಿರಣಿಯ ಅಂಗಳದಲ್ಲೇ ಬೀಳುತ್ತದೆ. ಅದನ್ನೇ ಬಾಯ್ಲರಿಗೆ ಸುರಿದು ಭತ್ತ ಕುದಿಸುತ್ತಾರೆ. ಯಾರೂ ಉಪದೇಶ ಮಾಡಬೇಕಾಗಲಿಲ್ಲ. ತುಂಗಭದ್ರೆಯ ಕಾಲುವೆ ಬಂತು, ಭತ್ತ ಬಂತು, ಗಿರಣಿಯೂ ರಿಪೇರಿಯವರೂ ಹಿಂದೆಯೇ ಬಂದರು. ಹಾರುವ ಬೂದಿ ಅಕ್ಕಪಕ್ಕದವರ ಒಗೆದ ಬಟ್ಟೆ ಮೇಲೆ ಕೂರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಆದರೂ ನೀರಾವರಿಯ ಯೋಜನೆಯೊಂದು ಇಂಧನದ ಪ್ರಶ್ನೆಯನ್ನೂ ಬಿಡಿಸಿದ್ದು ಗಮನಿಸಬೇಕಾದ ಸಂಗತಿ.

ಬೆಂಗಳೂರು ಬಿಟ್ಟು ಹೊರಗೆ ಹೋಗುವ ಉದ್ಯಮಕ್ಕೆ ಹೆಚ್ಚಿನ ರಿಯಾಯಿತಿ ಎನ್ನುವುದು ನಮ್ಮ ಕೈಗಾರಿಕಾ ನೀತಿಗಳ ಹಳೆಯ ಪಾಠ. ಸಹಾಯಧನದ ಕಡತಕ್ಕೆ ಸಹಿ ಬೀಳುವ ಮೊದಲು ಇಂಧನ ಇಲಾಖೆ ಇನ್ನೊಂದು ಕೆಲಸ ಮಾಡಲಿ: ಪ್ರತಿ ತಾಲ್ಲೂಕಿನ ಕೈಗಾರಿಕಾ ಫೀಡರ್‌ನಲ್ಲಿ ಹಗಲು ಹತ್ತರಿಂದ ನಾಲ್ಕರವರೆಗೆ ಎಷ್ಟು ಹೊತ್ತು ಕರೆಂಟು ಇರುತ್ತದೆ ಎಂಬುದನ್ನು ತಿಂಗಳು ತಿಂಗಳೂ ಪ್ರಕಟಿಸಲಿ.