ಸಂಜೆ ಏಳೂವರೆಗೇ ನಿದ್ದೆ

ನಸುಕಿನಲ್ಲೇ ಏಳುವವರನ್ನು ಕಂಡರೆ ನಮಗೆ ಗೌರವ. ಅದು ಶಿಸ್ತು ಎನ್ನುತ್ತೇವೆ, ಬೆಳೆಸಿದ ರೀತಿ ಎನ್ನುತ್ತೇವೆ. ಆದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಜೋನ್ಸ್, ಲೂಯಿಸ್ ಟಾಚೆಕ್ ಮತ್ತು ಸಂಗಡಿಗರು 1999ರಲ್ಲಿ ವಿವರಿಸಿದ ಮೂರು ಕುಟುಂಬಗಳಿಗೆ ಆ ಹೊಗಳಿಕೆ ಬೇಕಿರಲಿಲ್ಲ. ಅಲ್ಲಿ ಹಲವರಿಗೆ ಸಂಜೆ ಏಳೂವರೆಗೆಲ್ಲ ಕಣ್ಣು ಎಳೆಯುತ್ತಿತ್ತು, ಬೆಳಗಿನ ಜಾವ ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತಿತ್ತು. ನಿದ್ದೆಯೇನೂ ಕಡಿಮೆಯಿಲ್ಲ, ಊರಿಗೆಲ್ಲ ಒಂದು ಹೊತ್ತಾದರೆ ಇವರಿಗೆ ಅದಕ್ಕಿಂತ ಸುಮಾರು ನಾಲ್ಕು ಗಂಟೆ ಮುಂಚೆ. ತಂದೆ ಅಥವಾ ತಾಯಿಗೆ ಈ ಗುಣವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಅವರಲ್ಲಿ 69 ವರ್ಷದ ಮಹಿಳೆಯೊಬ್ಬರನ್ನು ಹೊತ್ತಿನ ಸುಳಿವೇ ಸಿಗದ ಕೋಣೆಯಲ್ಲಿಟ್ಟು ನೋಡಿದಾಗ, ಆಕೆಯ ದೇಹದ ಒಂದು ದಿನ 23.3 ಗಂಟೆಗೇ ಮುಗಿಯುತ್ತಿತ್ತು. ಸಾಮಾನ್ಯರಲ್ಲಿ ಇದು ಸರಾಸರಿ 24.2 ಗಂಟೆ.

ಕಾರಣ ತಿಳಿದದ್ದು 2001ರಲ್ಲಿ. ಒಂದು ಕುಟುಂಬದಲ್ಲಿ, ಎರಡನೇ ವರ್ಣತಂತುವಿನ ತುದಿಯಲ್ಲಿರುವ ಪೀರಿಯಡ್-2 ಎಂಬ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿತ್ತು. ಇದರ ಹಿರಿಯ ಸಂಬಂಧಿ ಸಿಕ್ಕಿದ್ದು ಹಣ್ಣಿನ ನೊಣದಲ್ಲಿ: 1971ರಲ್ಲಿ ಕೊನೊಪ್ಕಾ ಮತ್ತು ಬೆಂಜರ್ ಎಂಬ ವಿಜ್ಞಾನಿಗಳು ಕೆಡಿಸಿದ ಜೀನ್‌ನಿಂದ ಕೆಲವು ನೊಣಗಳ ದಿನ 19 ಗಂಟೆಗಿಳಿಯಿತು, ಕೆಲವದು 28ಕ್ಕೇರಿತು, ಇನ್ನು ಕೆಲವಕ್ಕೆ ಹೊತ್ತುಗೊತ್ತೇ ಇಲ್ಲವಾಯಿತು.

ಜೀವಕೋಶದೊಳಗೆ ನಡೆಯುವುದು ಹೀಗೆ. ಕ್ಲಾಕ್ ಮತ್ತು ಬಿಮಾಲ್-1 ಎಂಬ ಪ್ರೊಟೀನುಗಳು ಪೀರಿಯಡ್-2 ಜೀನನ್ನು ಚಾಲೂ ಮಾಡುತ್ತವೆ. ಅದರಿಂದ ತಯಾರಾದ ಪ್ರೊಟೀನು ಕ್ರಿಪ್ಟೋಕ್ರೋಮ್ ಎಂಬ ಇನ್ನೊಂದು ಪ್ರೊಟೀನಿನ ಜೊತೆ ಸೇರಿ ಕೋಶಕೇಂದ್ರಕ್ಕೆ ಮರಳಿ, ತನ್ನನ್ನು ಹುಟ್ಟಿಸಿದವರ ಕೈಯನ್ನೇ ಕಟ್ಟಿಹಾಕುತ್ತದೆ. ಅದು ಕರಗಿದ ಮೇಲೆ ಮತ್ತೆ ಮೊದಲಿನಿಂದ. ಈ ಒಂದು ಸುತ್ತಿಗೆ ಸುಮಾರು ಒಂದು ದಿನ ಹಿಡಿಯುತ್ತದೆ. ಮೆದುಳಿನ ತಳದಲ್ಲಿರುವ 20,000ದಷ್ಟು ನರಕೋಶಗಳ ಗೊಂಚಲು ಇಡೀ ದೇಹದ ಸುತ್ತುಗಳನ್ನು ಒಂದೇ ತಾಳಕ್ಕೆ ತರುತ್ತದೆ.

ಪ್ರೊಟೀನು ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ಅದಕ್ಕೆ ಅಂಟುವ ಫಾಸ್ಫೇಟ್‌ಗಳು ತೀರ್ಮಾನಿಸುತ್ತವೆ. ಸ್ವಾರಸ್ಯವಿರುವುದೇ ಇಲ್ಲಿ. ಫಾಸ್ಫೇಟ್ ಕೆಲವು ಜಾಗಗಳಲ್ಲಿ ಅಂಟಿದರೆ ಪ್ರೊಟೀನಿಗೆ ಅಂತ್ಯ. 662ನೇ ಸ್ಥಾನದಲ್ಲಿ ಅಂಟಿದರೆ ರಕ್ಷಣೆ. ಯೂಟಾ ಕುಟುಂಬದಲ್ಲಿ ಅಲ್ಲಿರಬೇಕಾದ ಸೀರಿನ್ ಎಂಬ ಅಮೈನೊ ಆಮ್ಲದ ಬದಲು ಗ್ಲೈಸಿನ್ ಕೂತಿತ್ತು. ಗ್ಲೈಸಿನ್‌ಗೆ ಫಾಸ್ಫೇಟ್ ಅಂಟದು. ಹಾಗಾಗಿ ಪ್ರೊಟೀನು ಬೇಗ ಕರಗುತ್ತದೆ, ಮುಂದಿನ ಸುತ್ತು ಬೇಗ ಶುರುವಾಗುತ್ತದೆ.

ಹಾಗಿದ್ದರೆ ಇವರ ನಿದ್ದೆ ದಿನದಿನಕ್ಕೂ ಇನ್ನಷ್ಟು ಮುಂಚೆ ಜರುಗುತ್ತಾ ಹೋಗಬೇಕಿತ್ತಲ್ಲ? ಬೆಳಕು ಅದಕ್ಕೆ ಬಿಡುವುದಿಲ್ಲ. ಕಣ್ಣಿನ ಮೂಲಕ ಮೆದುಳು ತಲುಪುವ ಬೆಳಕು ಒಳಗಡಿಯಾರವನ್ನು ದಿನವೂ 24 ಗಂಟೆಗೆ ಹೊಂದಿಸುತ್ತದೆ. ಓಟ ಚುರುಕಾಗಿರುವ ಗಡಿಯಾರ ಆ ಹೊಂದಾಣಿಕೆಯಲ್ಲೂ ಒಂದಷ್ಟು ಮುಂದೆಯೇ ನೆಲೆಗೊಳ್ಳುತ್ತದೆ, ಅಷ್ಟೆ. ಇಂಥವರಿಗೆ ಸಂಜೆ ಪ್ರಖರ ಬೆಳಕಿನ ಚಿಕಿತ್ಸೆ ಕೊಡುವುದೂ ಇದೇ ಲೆಕ್ಕದಿಂದ.

ನಸುಕಿನಲ್ಲಿ ಏಳುವವರೆಲ್ಲರ ಪೀರಿಯಡ್-2 ಹೀಗೆ ಬದಲಾಗಿದೆ ಎಂದಲ್ಲ. ಈ ಬದಲಾವಣೆ ಅಪರೂಪ. ಇದೇ ತೊಂದರೆಯಿದ್ದ ಮತ್ತೊಂದು ಕುಟುಂಬದಲ್ಲಿ 2005ರಲ್ಲಿ ಪತ್ತೆಯಾದ ದೋಷ ಬೇರೆ ಜೀನ್‌ನದು. ಫಾಸ್ಫೇಟ್ ಅಂಟಿಸುವ ಕೇಸಿನ್ ಕೈನೇಸ್ ಎಂಬ ಕಿಣ್ವವೇ ಅಲ್ಲಿ ಕೈಕೊಟ್ಟಿತ್ತು.